ಯುದ್ಧವಿಮಾನದ ಪೈಲಟ್ ಗಗನಯಾತ್ರಿಯಾಗುವ ದಾರಿ: ಪಿಯುಸಿಯಿಂದ ಕಕ್ಷೆಯವರೆಗೆ

ಬೀದರಿನಲ್ಲಿ ಪಾಠ ಮಾಡುವವರಿಗೆ ಒಂದು ಅಭ್ಯಾಸ ತಾನಾಗಿಯೇ ಬಂದುಬಿಡುತ್ತದೆ. ವಾಯುಪಡೆಯ ಹಾಕ್ ತರಬೇತಿ ವಿಮಾನವೊಂದು ಕಿಟಕಿ ಅದುರಿಸಿಕೊಂಡು ಹಾದುಹೋದರೆ ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತೇವೆ, ಸದ್ದು ಅಡಗಿದ ಮೇಲೆ ಅದೇ ಪದದಿಂದ ಮುಂದುವರಿಸುತ್ತೇವೆ. 2025ರ ಜುಲೈನಲ್ಲಿ, ನಮ್ಮ ವಾಯುಪಡೆಯ ಪೈಲಟ್ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ದಿನಗಳಲ್ಲಿ, ಅಂಥದೊಂದು ಬಿಡುವಿನಲ್ಲಿ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು: “ಸರ್, ಅವರಂಗ ಆಗಬೇಕಂದ್ರ ಯಾವ ಕೋರ್ಸ್ ತಗೋಬೇಕ್ರಿ?”

ಅಂಥ ಕೋರ್ಸ್ ಯಾವ ಕಾಲೇಜಿನಲ್ಲೂ ಇಲ್ಲ. ಇರುವುದು ಒಂದರ ಹಿಂದೆ ಒಂದರಂತೆ ಐದಾರು ಬಾಗಿಲು. ಒಂದನ್ನು ದಾಟಿದವರಿಗಷ್ಟೇ ಮುಂದಿನದು ಕಾಣುತ್ತದೆ. ಅವಳಿಗೆ ಆ ದಿನ ಹತ್ತು ನಿಮಿಷದಲ್ಲಿ ಹೇಳಿದ್ದು ಸಾಲಲಿಲ್ಲ. ಅವಳಂಥ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಬೇಕಾದದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ವಯಸ್ಸಿನ ಲೆಕ್ಕ ಹಾಕಿ

ಶುಕ್ಲಾ ಹುಟ್ಟಿದ್ದು 1985ರ ಅಕ್ಟೋಬರ್‌ನಲ್ಲಿ, ಲಖನೌದಲ್ಲಿ. ವಾಯುಪಡೆಯ ಅಧಿಕಾರಿಯಾಗಿದ್ದು 2006ರ ಜೂನ್‌ನಲ್ಲಿ, 20ರ ವಯಸ್ಸಿಗೆ. ಭಾರತದ ಸ್ವಂತ ಮಾನವಸಹಿತ ಬಾಹ್ಯಾಕಾಶ ಯೋಜನೆ ಗಗನಯಾನಕ್ಕೆ ಆಯ್ಕೆಯಾಗಿದ್ದು 2019ರಲ್ಲಿ. ರಾಕೆಟ್ ಏರಿದ್ದು 2025ರ ಜೂನ್ 25ರಂದು, 40 ತುಂಬಲು ಕೆಲವೇ ತಿಂಗಳಿದ್ದಾಗ. ಸಮವಸ್ತ್ರ ತೊಟ್ಟ ದಿನದಿಂದ ಕಕ್ಷೆ ತಲುಪುವ ದಿನಕ್ಕೆ 19 ವರ್ಷ.

ಬಾಹ್ಯಾಕಾಶಕ್ಕೆ ಹೋದ ಮೊದಲ ಭಾರತೀಯ ರಾಕೇಶ್ ಶರ್ಮಾ ಅವರದ್ದೂ ಹೆಚ್ಚು ಕಡಿಮೆ ಇದೇ ಲೆಕ್ಕ. 1949ರಲ್ಲಿ ಜನನ, 1970ರಲ್ಲಿ ವಾಯುಪಡೆ, 1971ರ ಯುದ್ಧದಲ್ಲಿ ಮಿಗ್-21 ಹಾರಾಟ, 1982ರಲ್ಲಿ ಆಯ್ಕೆ, 1984ರ ಏಪ್ರಿಲ್ 3ರಂದು ಸೋವಿಯತ್ ನೌಕೆ ಸೋಯುಜ್ ಟಿ-11ರಲ್ಲಿ ಪಯಣ. ಆಗ ಅವರಿಗೆ 35.

ಈ ಲೆಕ್ಕವನ್ನು ಮೊದಲೇ ಇಡುವುದಕ್ಕೆ ಕಾರಣವಿದೆ. 17ರ ಹುಡುಗ ಅಥವಾ ಹುಡುಗಿ ಇವತ್ತು ಹೊರಟರೆ ಮುಂದಿನ ಹದಿನೈದಿಪ್ಪತ್ತು ವರ್ಷ ಬಾಹ್ಯಾಕಾಶದ ಮಾತೇ ಇರುವುದಿಲ್ಲ. ಇರುವುದು ವಿಮಾನ. ಬೆಳಗಿನ ಜಾವದ ಹಾರಾಟ, ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ, ಊರಿನ ಹಬ್ಬಕ್ಕೆ ರಜೆ ಸಿಗದಿರುವುದು, ಜೊತೆಗೆ ನಿಜವಾದ ಅಪಾಯ. ವಿಮಾನ ಹಾರಿಸುವುದೇ ಇಷ್ಟವಿಲ್ಲದೆ ಗಗನಯಾತ್ರಿಯಾಗುವ ಆಸೆ ಮಾತ್ರ ಇಟ್ಟುಕೊಂಡವರು ಅಷ್ಟು ವರ್ಷ ತಡೆಯುವುದು ಕಷ್ಟ. ಹಾಗಾಗಿ ಮಕ್ಕಳಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಬಾಹ್ಯಾಕಾಶಕ್ಕೆ ಹೋಗದಿದ್ದರೂ ಪೈಲಟ್ ಆಗಿರಲು ಮನಸ್ಸಿದೆಯಾ? ಇದೆ ಅನ್ನುವವರು ಮುಂದೆ ಓದಿ.

ಪಿಯುಸಿಯಲ್ಲಿ ಏನು ಓದಬೇಕು, ಯಾವ ಪರೀಕ್ಷೆ ಬರೆಯಬೇಕು

ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಇರಲೇಬೇಕು. ಪಿಸಿಎಂಬಿ, ಪಿಸಿಎಂಸಿ ಯಾವುದಾದರೂ ಸರಿ. ಎಸ್‌ಎಸ್‌ಎಲ್‌ಸಿ ಮುಗಿದ ವಾರದಲ್ಲಿ ತೆಗೆದುಕೊಳ್ಳುವ ಈ ಒಂದು ತೀರ್ಮಾನ ತಪ್ಪಿದರೆ ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ಮನೆಯಲ್ಲಿ ಕೂತು ಸಮಾಧಾನದಿಂದ ಮಾತಾಡಿ ನಿರ್ಧರಿಸಿ.

ಅತ್ಯಂತ ಬೇಗ ಒಳಗೆ ಹೋಗುವ ದಾರಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ. ಯುಪಿಎಸ್‌ಸಿ ವರ್ಷಕ್ಕೆ ಎರಡು ಬಾರಿ ಈ ಪರೀಕ್ಷೆ ನಡೆಸುತ್ತದೆ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದೊಳಗಿನ ಅವಿವಾಹಿತರು ಬರೆಯಬಹುದು. ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ಅರ್ಜಿ ಹಾಕಬಹುದು. ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯದ ಪತ್ರಿಕೆಗೆ 600. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಆದ್ದರಿಂದ ಗೊತ್ತಿಲ್ಲದ್ದಕ್ಕೆ ಕಣ್ಣುಮುಚ್ಚಿ ಗುರುತು ಹಾಕಬೇಡಿ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಲ್ಲೊಂದು ನೇರ ಮಾತು. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಆ 600 ಅಂಕಗಳಲ್ಲಿ 200 ಇಂಗ್ಲಿಷ್ ಭಾಷೆಗೇ ಮೀಸಲು. ಇದಕ್ಕೆ ಹೆದರಬೇಕಾಗಿಲ್ಲ, ಆದರೆ ಪರೀಕ್ಷೆಗೆ ಮೂರು ತಿಂಗಳಿರುವಾಗ ಶುರು ಮಾಡಿದರೆ ಸಾಲದು. ಎಂಟನೇ ಒಂಬತ್ತನೇ ತರಗತಿಯಿಂದಲೇ ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಪತ್ರಿಕೆಯನ್ನು ಜೋರಾಗಿ ಓದುವ ರೂಢಿ ಹಾಕಿಕೊಂಡ ಹಳ್ಳಿ ಮಕ್ಕಳು ಪಟ್ಟಣದವರನ್ನು ಹಿಂದಿಕ್ಕಿದ್ದನ್ನು ನಾನೇ ನೋಡಿದ್ದೇನೆ.

ಇನ್ನೂ ಚಿಕ್ಕ ಮಕ್ಕಳಿದ್ದರೆ ಸೈನಿಕ ಶಾಲೆಯನ್ನು ಯೋಚಿಸಿ. ವಿಜಯಪುರದ ಸೈನಿಕ ಶಾಲೆ 1963ರಿಂದ ಇದೆ, ಕೊಡಗಿನ ಕೂಡಿಗೆಯಲ್ಲಿ ಇನ್ನೊಂದಿದೆ. ಸಾಮಾನ್ಯವಾಗಿ ಆರನೇ ಮತ್ತು ಒಂಬತ್ತನೇ ತರಗತಿಗೆ ಪ್ರವೇಶ ಪರೀಕ್ಷೆ ನಡೆಯುತ್ತದೆ. ಹೆಣ್ಣುಮಕ್ಕಳಿಗೆ ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನ ವಸತಿ ಸೈನಿಕ ಶಾಲೆಯಿದೆ.

ಹೆಣ್ಣುಮಕ್ಕಳ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಗಗನಯಾನದ ಮೊದಲ ನಾಲ್ವರೂ ಗಂಡಸರೇ. ಅದಕ್ಕೆ ಕಾರಣ ಹುಡುಕಬೇಕಾದ್ದು ಹಿಂದಿನ ಬಾಗಿಲುಗಳಲ್ಲಿ. ಭಾರತದ ಮೊದಲ ಮೂವರು ಮಹಿಳಾ ಯುದ್ಧವಿಮಾನ ಪೈಲಟ್‌ಗಳು, ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್, ವಾಯುಪಡೆಗೆ ಸೇರಿದ್ದೇ 2016ರಲ್ಲಿ. ಅವರು ಹಾಕ್ ತರಬೇತಿ ಪಡೆದದ್ದು ನಮ್ಮ ಬೀದರಿನಲ್ಲೇ. ಎನ್‌ಡಿಎ ಹುಡುಗಿಯರಿಗೆ ತೆರೆದದ್ದು ಸುಪ್ರೀಂ ಕೋರ್ಟ್‌ನ 2021ರ ಆದೇಶದ ಮೇಲೆ; ಮೊದಲ ತಂಡ ಹೊರಬಂದದ್ದು 2025ರ ಮೇನಲ್ಲಿ. ಮೇಲಿನ ವಯಸ್ಸಿನ ಲೆಕ್ಕವನ್ನು ಈ ವರ್ಷಗಳಿಗೆ ಕೂಡಿಸಿ ನೋಡಿ. ಈಗ ಪಿಯುಸಿಯಲ್ಲಿರುವ ಹುಡುಗಿಯರ ಸರದಿ ಬರುವ ಹೊತ್ತಿಗೆ ಅನುಭವಿ ಮಹಿಳಾ ಪೈಲಟ್‌ಗಳ ಸಾಲೇ ಇರುತ್ತದೆ.

ಎನ್‌ಡಿಎ ತಪ್ಪಿದರೆ ದಾರಿ ಮುಚ್ಚುವುದಿಲ್ಲ. ಪದವಿಯ ನಂತರ ಬರೆಯುವ ಪ್ರವೇಶ ಪರೀಕ್ಷೆಗಳಾದ ಸಿಡಿಎಸ್, ಎಎಫ್‌ಕ್ಯಾಟ್ ಇವೆ. ಎನ್‌ಸಿಸಿ ಏರ್ ವಿಂಗ್‌ನ ‘ಸಿ’ ಪ್ರಮಾಣಪತ್ರ ಇದ್ದವರಿಗೆ ವಿಶೇಷ ಪ್ರವೇಶವಿದೆ. ಹಾರಾಟ ಶಾಖೆಗೆ ಇವುಗಳ ವಯೋಮಿತಿ ಸಾಮಾನ್ಯವಾಗಿ 20ರಿಂದ 24. ಎಎಫ್‌ಕ್ಯಾಟ್ ಮೂಲಕ ಹೋದರೆ ಸಿಗುವುದು 14 ವರ್ಷದ ಅಲ್ಪಾವಧಿ ಸೇವೆ ಎಂಬುದನ್ನು ಗಮನದಲ್ಲಿಡಿ. 19 ವರ್ಷದ ಲೆಕ್ಕ ಹಾಕಿದೆವಲ್ಲ, ಆ ದೃಷ್ಟಿಯಿಂದ ಪೂರ್ಣಾವಧಿ ಸೇವೆಯ ದಾರಿಗಳೇ ಮೇಲು.

ಟೇಪು ಹಿಡಿದು ಮನೆಯಲ್ಲೇ ಅಳೆಯಿರಿ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬ ಲಿಖಿತ ಪರೀಕ್ಷೆ ಪಾಸಾದ, ಸಂದರ್ಶನದ ಐದೂ ದಿನ ದಾಟಿದ, ಊರಲ್ಲಿ ಪೇಡೆ ಹಂಚಿದ್ದೂ ಆಯಿತು. ವೈದ್ಯಕೀಯ ತಪಾಸಣೆಯಲ್ಲಿ ಚುಕ್ಕಿ ಚುಕ್ಕಿಯ ಬಣ್ಣದ ಪುಸ್ತಕವನ್ನು ಅವನ ಮುಂದೆ ಇಟ್ಟರು. ಎಲ್ಲರಿಗೂ ಕಾಣುವ ಅಂಕಿ ಅವನಿಗೆ ಕಾಣಲಿಲ್ಲ. ಕೆಂಪು-ಹಸಿರಿನ ವ್ಯತ್ಯಾಸ ತನಗೆ ಸರಿಯಾಗಿ ತಿಳಿಯುವುದಿಲ್ಲ ಎಂಬುದು 18 ವರ್ಷ ಅವನಿಗೇ ಗೊತ್ತಿರಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಐದು ನಿಮಿಷದ ಕೆಲಸ ಅದು. ಹತ್ತನೇ ತರಗತಿಯಲ್ಲೇ ಮಾಡಿಸಿದ್ದರೆ ಅವನು ತನ್ನ ದಾರಿಯನ್ನು ಅಂದೇ ಬೇರೆ ಕಡೆಗೆ ತಿರುಗಿಸಿಕೊಳ್ಳುತ್ತಿದ್ದ. ಆ ಹುಡುಗನ ಮುಖ ನನಗೆ ಇನ್ನೂ ಮರೆತಿಲ್ಲ. ಅಂದಿನಿಂದ ಬಣ್ಣದ ಪರೀಕ್ಷೆಯನ್ನೇ ಮೊದಲು ಮಾಡಿಸಿ ಎನ್ನುತ್ತೇನೆ.

ಅದರ ಜೊತೆಗೆ ದೃಷ್ಟಿಯನ್ನೂ ನೋಡಿಸಿ. ಹಾರಾಟ ಶಾಖೆಗೆ ಸಮೀಪದೃಷ್ಟಿ ದೋಷ ಇರಬಾರದು. ಒಂದು ಕಣ್ಣು 6/6, ಇನ್ನೊಂದು 6/9ಕ್ಕಿಂತ ಕಡಿಮೆ ಇರಬಾರದು.

ಇನ್ನು ಅಳತೆ. ಎತ್ತರ ಕನಿಷ್ಠ 162.5 ಸೆಂಟಿಮೀಟರ್. ಎತ್ತರ ಸಾಕಷ್ಟಿದ್ದರೂ ಕೆಲವರು ಮುಂದಿನ ಮೂರು ಅಳತೆಗಳಲ್ಲಿ ಹೊರಬೀಳುತ್ತಾರೆ. ಸಮತಟ್ಟಾದ ಸ್ಟೂಲಿನ ಮೇಲೆ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂತು, ಸ್ಟೂಲಿನಿಂದ ನೆತ್ತಿಯವರೆಗೆ ಅಳೆಯಿರಿ: 81.5ರಿಂದ 96 ಸೆಂಟಿಮೀಟರ್ ಒಳಗಿರಬೇಕು. ನೆಲದ ಮೇಲೆ ಗೋಡೆಗೆ ಒತ್ತಿ ಕೂತು ಕಾಲು ಚಾಚಿ, ಗೋಡೆಯಿಂದ ಅಂಗಾಲಿನವರೆಗೆ ಅಳೆಯಿರಿ: 99ರಿಂದ 120. ಕೊನೆಯದು ಕುರ್ಚಿಯಲ್ಲಿ ಕೂತಂತೆ ಮಂಡಿ ಮಡಚಿ ಗೋಡೆಯಿಂದ ಮಂಡಿಯ ಮುಂಭಾಗದವರೆಗೆ: 64 ಸೆಂಟಿಮೀಟರ್ ಮೀರಬಾರದು. ಯುದ್ಧವಿಮಾನದ ಕಾಕ್‌ಪಿಟ್ ಇಕ್ಕಟ್ಟು. ಆಪತ್ತಿನಲ್ಲಿ ಪೈಲಟ್‌ನನ್ನು ಸೀಟಿನ ಸಮೇತ ರಾಕೆಟ್ ಬಲದಿಂದ ಹೊರಕ್ಕೆ ಎಸೆಯುವ ವ್ಯವಸ್ಥೆ ಅದರಲ್ಲಿರುತ್ತದೆ. ತೊಡೆ ಉದ್ದವಾಗಿದ್ದರೆ ಆ ಕ್ಷಣದಲ್ಲಿ ಮಂಡಿ ಮುಂದಿನ ಫಲಕಕ್ಕೆ ಬಡಿಯುತ್ತದೆ. ಕಾಲು ಗಿಡ್ಡವಾಗಿದ್ದರೆ ವಿಮಾನದ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ಪೂರ್ತಿ ಎಟುಕುವುದಿಲ್ಲ. ಅಳತೆಗಳು ಆಗಾಗ ಪರಿಷ್ಕರಣೆಯಾಗುವುದುಂಟು. ಆಯಾ ವರ್ಷದ ಅಧಿಸೂಚನೆಯನ್ನು ಸಾಲು ಬಿಡದೆ ಓದಿ.

ಹಲ್ಲನ್ನೂ ಕಡೆಗಣಿಸಬೇಡಿ. ಸರಿಯಾಗಿ ತುಂಬಿಸದ ಹುಳುಕು ಹಲ್ಲಿನೊಳಗೆ ಸಿಕ್ಕಿಕೊಂಡ ಗಾಳಿ, ಹೊರಗಿನ ಒತ್ತಡ ಕಡಿಮೆಯಾದಾಗ ಹಿಗ್ಗಿ ತಡೆಯಲಾರದ ನೋವು ಕೊಡುತ್ತದೆ. ಭೂಮಿಯ ಮೇಲೆ ಕ್ಲಿನಿಕ್ಕಿಗೆ ಓಡಬಹುದು, ಕಕ್ಷೆಯಲ್ಲಿ ಆಗುವುದಿಲ್ಲ.

ಐದು ದಿನದ ಸಂದರ್ಶನ, ಒಂದೇ ಒಂದು ಅವಕಾಶದ ಪರೀಕ್ಷೆ

ಲಿಖಿತ ಪರೀಕ್ಷೆ ದಾಟಿದವರನ್ನು ಸೇನಾ ಆಯ್ಕೆ ಮಂಡಳಿಗೆ, ಅಂದರೆ ಎಸ್‌ಎಸ್‌ಬಿಗೆ ಕರೆಯುತ್ತಾರೆ. ವಾಯುಪಡೆಯ ಆಯ್ಕೆ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲೇ ಇದೆ. ಮೊದಲ ದಿನದ ಜರಡಿಯಲ್ಲೇ ಬಹಳ ಜನ ಮನೆಗೆ ಹೋಗುತ್ತಾರೆ. ಉಳಿದವರಿಗೆ ಚಿತ್ರ ನೋಡಿ ಕತೆ ಬರೆಯುವುದು, 60 ಪದಗಳಿಗೆ ತಲಾ 15 ಸೆಕೆಂಡಿನಲ್ಲಿ ಮನಸ್ಸಿಗೆ ಬಂದದ್ದನ್ನು ಬರೆಯುವುದು, ಹಗ್ಗ-ಹಲಗೆ-ಡ್ರಮ್ಮುಗಳನ್ನು ಬಳಸಿ ತಂಡವಾಗಿ ಅಡೆತಡೆ ದಾಟುವುದು, ದೀರ್ಘ ಸಂದರ್ಶನ ಇತ್ಯಾದಿ. ಬಾಯಿಪಾಠ ಮಾಡಿದ ಉತ್ತರಗಳು ಇಲ್ಲಿ ಮೂರನೇ ದಿನದ ಹೊತ್ತಿಗೆ ಬಯಲಾಗುತ್ತವೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಪೈಲಟ್ ಆಗಬೇಕೆನ್ನುವವರಿಗೆ ಇನ್ನೊಂದು ಪರೀಕ್ಷೆಯಿದೆ, ಕಂಪ್ಯೂಟರಿನ ಮೂಲಕ ನಡೆಯುವ ಪೈಲಟ್ ಆಯ್ಕೆ ಪರೀಕ್ಷೆ. ಕಣ್ಣು, ಕೈ, ಕಾಲು ಮೂರನ್ನೂ ಒಟ್ಟಿಗೆ ನಡೆಸುವ ಸಾಮರ್ಥ್ಯವನ್ನು, ಡಯಲುಗಳನ್ನು ಓದಿ ವಿಮಾನದ ಸ್ಥಿತಿ ಊಹಿಸುವ ಜಾಣ್ಮೆಯನ್ನು ಅದು ಅಳೆಯುತ್ತದೆ. ಜೀವಮಾನದಲ್ಲಿ ಒಂದೇ ಬಾರಿ ಬರೆಯಲು ಅವಕಾಶ. ಫೇಲಾದರೆ ಹಾರಾಟ ಶಾಖೆಗೆ ಮತ್ತೆಂದೂ ಅರ್ಹತೆ ಇಲ್ಲ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಸೂಚನಾ ಪುಸ್ತಿಕೆಯನ್ನು ಅವಸರವಿಲ್ಲದೆ ಓದಿ.

ದುಂಡಿಗಲ್, ಹಕೀಂಪೇಟ್, ಬೀದರ್

ಎನ್‌ಡಿಎ ಮೂಲಕ ಹೋದವರಿಗೆ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ. ಆಮೇಲೆ ಹೈದರಾಬಾದ್ ಹತ್ತಿರದ ದುಂಡಿಗಲ್ ಅಕಾಡೆಮಿ. ಮೊದಲ ಪಾಠ ಪಿಲಾಟಸ್ ಎಂಬ ಪುಟ್ಟ ಪ್ರೊಪೆಲ್ಲರ್ ವಿಮಾನದಲ್ಲಿ, ನಂತರ ಹಕೀಂಪೇಟ್‌ನಲ್ಲಿ ಕಿರಣ್ ಜೆಟ್, ಯುದ್ಧವಿಮಾನದ ವಿಭಾಗಕ್ಕೆ ಆಯ್ಕೆಯಾದವರಿಗೆ ಬೀದರಿನಲ್ಲಿ ಹಾಕ್. ದೊಡ್ಡ ಸಾಗಣೆ ವಿಮಾನಗಳ ಕಡೆ ಹೋಗುವವರು ಯಲಹಂಕಕ್ಕೆ ಬರುತ್ತಾರೆ.

ಈ ಹಂತದಲ್ಲಿ ಮೈಗೆ ಹತ್ತುವ ಮುಖ್ಯ ಪಾಠವೆಂದರೆ ‘ಜಿ’. ವಿಮಾನ ಬಿಗಿಯಾಗಿ ತಿರುಗಿದಾಗ ದೇಹದ ತೂಕ ಹಲವು ಪಟ್ಟಾಗುತ್ತದೆ. 9 ಜಿ ಅಂದರೆ ಐದು ಕಿಲೋದ ತಲೆ 45 ಕಿಲೋ. ರಕ್ತ ಕಾಲಿನ ಕಡೆಗೆ ಇಳಿಯುತ್ತದೆ, ಮೊದಲು ಬಣ್ಣಗಳು ಮಾಸುತ್ತವೆ, ದೃಷ್ಟಿ ಅಂಚಿನಿಂದ ಒಳಗೆ ಕಿರಿದಾಗುತ್ತಾ ಬರುತ್ತದೆ, ಸುಧಾರಿಸಿಕೊಳ್ಳದಿದ್ದರೆ ಪ್ರಜ್ಞೆ ತಪ್ಪುತ್ತದೆ. ಅದನ್ನು ತಡೆಯಲು ಕಾಲು, ತೊಡೆ, ಹೊಟ್ಟೆಯ ಸ್ನಾಯುಗಳನ್ನು ಬಿಗಿ ಹಿಡಿದು, ಮೂರು ಸೆಕೆಂಡಿಗೊಮ್ಮೆ ಚುಟುಕಾಗಿ ಉಸಿರು ಬದಲಾಯಿಸುವ ಕ್ರಮ ಕಲಿಸುತ್ತಾರೆ. ರಾಕೆಟ್‌ನಲ್ಲಿ ಗಗನಯಾತ್ರಿಗಳು ಅಂಗಾತ ಮಲಗಿರುವುದು ಈ ಕಾರಣಕ್ಕೇ: ಒತ್ತಡ ಎದೆಯಿಂದ ಬೆನ್ನಿನ ಕಡೆಗೆ ಬಿದ್ದರೆ ರಕ್ತ ಮಿದುಳಿನಿಂದ ಇಳಿಯುವುದಿಲ್ಲ, ಉಸಿರಾಟ ಮಾತ್ರ ಭಾರವಾಗುತ್ತದೆ. ಸೋಯುಜ್ ನೌಕೆಯಲ್ಲಂತೂ ಪ್ರತಿಯೊಬ್ಬರ ಬೆನ್ನಿನ ಅಚ್ಚು ತೆಗೆದು ಅವರಿಗೇ ಹೊಂದುವ ಸೀಟು ಮಾಡುತ್ತಾರೆ.

ಟೆಸ್ಟ್ ಪೈಲಟ್: ಇಡೀ ದಾರಿಯ ನಡುಗಂಬ

ಗಗನಯಾನದ ನಾಲ್ವರ ಹೆಸರು 2024ರ ಫೆಬ್ರುವರಿ 27ರಂದು ತಿರುವನಂತಪುರದಲ್ಲಿ ಪ್ರಕಟವಾಯಿತು: ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ. ನಾಲ್ವರೂ ಟೆಸ್ಟ್ ಪೈಲಟ್‌ಗಳು. ಶುಕ್ಲಾ ಅವರಿಗೆ ಸುಮಾರು 2000 ಗಂಟೆ, ನಾಯರ್ ಅವರಿಗೆ ಸುಮಾರು 3000 ಗಂಟೆ ಹಾರಾಟದ ಅನುಭವ.

ಟೆಸ್ಟ್ ಪೈಲಟ್ ಅಂದರೆ ಧೈರ್ಯಶಾಲಿ ಎಂದಷ್ಟೇ ಜನ ತಿಳಿದಿದ್ದಾರೆ. ಧೈರ್ಯ ಎಲ್ಲ ಯುದ್ಧವಿಮಾನ ಪೈಲಟ್‌ಗಳಿಗೂ ಇದೆ. ಇವರ ಕಸುಬು ಬೇರೆ. ಹೊಸ ವಿಮಾನ, ಅಥವಾ ಹಳೆಯ ವಿಮಾನಕ್ಕೆ ಜೋಡಿಸಿದ ಹೊಸ ಉಪಕರಣ, ಎಲ್ಲಿಯವರೆಗೆ ಸುರಕ್ಷಿತ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಒಂದೊಂದೇ ಹೆಜ್ಜೆ ಮುಂದಿಟ್ಟು ಕಂಡುಹಿಡಿದು, ಕಂಡದ್ದನ್ನು ಎಂಜಿನಿಯರ್‌ಗಳಿಗೆ ಅಕ್ಷರಶಃ ತಿಳಿಸುವುದು.

ಭಾರತದಲ್ಲಿ ಇದನ್ನು ಕಲಿಸುವ ಜಾಗ ಬೆಂಗಳೂರಿನಲ್ಲಿದೆ. ವಾಯುಪಡೆಯ ವಿಮಾನ ಮತ್ತು ವ್ಯವಸ್ಥೆಗಳ ಪರೀಕ್ಷಾ ಸಂಸ್ಥೆ, ಎಎಸ್‌ಟಿಇ, 1972ರಲ್ಲಿ ಶುರುವಾಯಿತು. ಅದರೊಳಗಿನ ಟೆಸ್ಟ್ ಪೈಲಟ್ ಶಾಲೆಯಂಥವು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಹಳೇ ವಿಮಾನ ನಿಲ್ದಾಣ ರಸ್ತೆಯಿಂದ ಹಳೇ ಮದ್ರಾಸ್ ರಸ್ತೆಗೆ ಹೋಗುವಾಗ ಸಿಗುವ ಸುರಂಜನ್ ದಾಸ್ ರಸ್ತೆ ಒಬ್ಬ ಟೆಸ್ಟ್ ಪೈಲಟ್‌ರ ಹೆಸರಿನದು. ಎಚ್‌ಎಎಲ್ ಕಟ್ಟಿದ ಮಾರುತ್ ಯುದ್ಧವಿಮಾನವನ್ನು ಪರೀಕ್ಷಿಸಿದವರು ಅವರು. 1970ರಲ್ಲಿ ಮಾರುತ್ ಹಾರಿಸುತ್ತಲೇ ಪ್ರಾಣ ಕೊಟ್ಟರು. ಆ ರಸ್ತೆಯಲ್ಲಿ ದಿನವೂ ಓಡಾಡುವವರಲ್ಲಿ ಹೆಚ್ಚಿನವರಿಗೆ ಇದು ತಿಳಿಯದು ಅನ್ನುವುದು ನನಗೆ ಬೇಸರದ ವಿಷಯ.

ಇಲ್ಲಿನ ಕಲಿಕೆಯ ಒಂದು ತುಣುಕನ್ನು ಹತ್ತಿರದಿಂದ ನೋಡೋಣ. ಹಾರಾಟಕ್ಕೆ ಮುಂಚೆಯೇ ಆ ದಿನ ಮಾಡಬೇಕಾದ ಪರೀಕ್ಷೆಗಳನ್ನು ಕಾರ್ಡಿನಲ್ಲಿ ಬರೆದಿರುತ್ತಾರೆ: ಇಂತಿಷ್ಟು ಎತ್ತರ, ಇಂತಿಷ್ಟು ವೇಗ, ಈ ತಿರುವು. ಕಾರ್ಡು ತೊಡೆಗೆ ಕಟ್ಟಿದ ಪ್ಯಾಡಿನ ಮೇಲಿರುತ್ತದೆ. ಪೈಲಟ್ ಆ ವೇಗ, ಆ ಎತ್ತರವನ್ನು ಗೆರೆ ಎಳೆದಂತೆ ಹಿಡಿದು ತಿರುವು ತೆಗೆದುಕೊಂಡು, ಆಮೇಲೆ ವಿಮಾನದ ವರ್ತನೆಗೆ ಒಂದು ಅಂಕಿ ಕೊಡಬೇಕು. ಕೂಪರ್-ಹಾರ್ಪರ್ ಅಳತೆಗೋಲಿನಲ್ಲಿ 1 ಅಂದರೆ ಅತ್ಯುತ್ತಮ, 10 ಅಂದರೆ ಹತೋಟಿ ತಪ್ಪುವಂಥದ್ದು. ಆ ಅಂಕಿಗೆ ಬರುವ ದಾರಿಯಲ್ಲಿ ಪ್ರಶ್ನೆಗಳಿವೆ: ವಿಮಾನ ಹತೋಟಿಯಲ್ಲಿತ್ತೇ? ಕೊಟ್ಟ ಕೆಲಸ ಆಯಿತೇ? ಆಗಲು ಪೈಲಟ್ ಎಷ್ಟು ಹೆಣಗಬೇಕಾಯಿತು? “ಸ್ವಲ್ಪ ಭಾರ ಅನ್ನಿಸಿತು”, “ಪರವಾಗಿಲ್ಲ” ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ತನ್ನ ಕೈಯ ಚಾತುರ್ಯದಿಂದ ವಿಮಾನದ ದೋಷವನ್ನು ಮುಚ್ಚಿಹಾಕಿದ ಪೈಲಟ್ ಒಳ್ಳೆಯ ಪೈಲಟ್ ಇರಬಹುದು, ಟೆಸ್ಟ್ ಪೈಲಟ್ ಆಗಿ ಸೋತಂತೆ. ಯಾಕೆಂದರೆ ನಾಳೆ ಅದೇ ವಿಮಾನವನ್ನು ಹಾರಿಸುವುದು ಅವನಿಗಿಂತ ಕಡಿಮೆ ಅನುಭವದ ಹುಡುಗ.

ಗಗನನೌಕೆ ಬಹುಪಾಲು ತಾನಾಗಿಯೇ ಹಾರುತ್ತದೆ. ಶುಕ್ಲಾ ಹೋದ ಡ್ರ್ಯಾಗನ್ ನೌಕೆ ನಿಲ್ದಾಣಕ್ಕೆ ಅಂಟಿಕೊಳ್ಳುವುದೂ ಸ್ವಯಂಚಾಲಿತವಾಗಿಯೇ. ಹಾಗಾದರೆ ಪೈಲಟ್ ಯಾಕೆ? ಹೊಸ ಯಂತ್ರದೊಳಗೆ ಕೂತು ಅದು ಹೇಗೆ ನಡೆದುಕೊಳ್ಳುತ್ತಿದೆ ಎಂದು ಗಾಬರಿಯಿಲ್ಲದೆ ಗಮನಿಸಿ, ಬೇಕಾದರೆ ಕೈಗೆ ತೆಗೆದುಕೊಂಡು, ಕಂಡದ್ದನ್ನು ಕಂಡ ಹಾಗೆ ಹೇಳಬಲ್ಲವರು ಬೇಕು. ಅಮೆರಿಕ ತನ್ನ ಮೊದಲ ನೌಕೆಗಳಿಗೆ, ಭಾರತ ಗಗನಯಾನಕ್ಕೆ ಟೆಸ್ಟ್ ಪೈಲಟ್‌ಗಳನ್ನು ಹುಡುಕಿದ್ದು ಇದಕ್ಕಾಗಿ. ಈ ಗುಣವನ್ನು ವಿಮಾನ ಏರುವ ಮುಂಚೆಯೇ ಬೆಳೆಸಿಕೊಳ್ಳಬಹುದು. ಲ್ಯಾಬಿನಲ್ಲಿ ಲೋಲಕದ ಪ್ರಯೋಗ ಮಾಡುವಾಗ ಪುಸ್ತಕದ ಉತ್ತರಕ್ಕೆ ಹೊಂದಿಸಿ ಅಂಕಿ ಬರೆಯಬೇಡಿ. ನಿಮ್ಮ ಗಡಿಯಾರ ತೋರಿಸಿದ್ದನ್ನೇ ಬರೆಯಿರಿ, ತಪ್ಪು ಎಲ್ಲಿ ನುಸುಳಿತು ಎಂದು ಪಕ್ಕದಲ್ಲಿ ಬರೆಯಿರಿ. ಇಡೀ ಲೇಖನದಲ್ಲಿ ಒಂದೇ ಸಲಹೆ ಉಳಿಸಿಕೊಳ್ಳಿ ಅಂದರೆ ಇದನ್ನೇ ಉಳಿಸಿಕೊಳ್ಳಿ ಅನ್ನುತ್ತೇನೆ.

ಓದನ್ನೂ ಬಿಡಬಾರದು. ಶುಕ್ಲಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಏರೋಸ್ಪೇಸ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಮಾಡಿದವರು.

ಆಯ್ಕೆ ಮತ್ತು ತರಬೇತಿ

ಗಗನಯಾನಕ್ಕೆ ಪತ್ರಿಕೆಯಲ್ಲಿ ಜಾಹೀರಾತು ಬರಲಿಲ್ಲ. ವಾಯುಪಡೆಯೊಳಗೆ ಮನಸ್ಸಿದ್ದ ಪೈಲಟ್‌ಗಳು ಮುಂದೆ ಬಂದರು. ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಜರಡಿ ಹಿಡಿಯಿತು. 1957ರಿಂದ ಪೈಲಟ್‌ಗಳ ಆರೋಗ್ಯವನ್ನೇ ಅಧ್ಯಯನ ಮಾಡುತ್ತಿರುವ ಸಂಸ್ಥೆ ಇದು. 2019ರ ಸೆಪ್ಟೆಂಬರ್‌ನಲ್ಲಿ ಮೊದಲ ಸುತ್ತು ಮುಗಿಯಿತು: ವ್ಯಾಯಾಮದ ಪರೀಕ್ಷೆಗಳು, ರಕ್ತ-ಮೂತ್ರದಿಂದ ಹಿಡಿದು ಎಕ್ಸ್-ರೇವರೆಗೆ, ಜೊತೆಗೆ ಮನಸ್ಸಿನ ಪರೀಕ್ಷೆ. ಇಲ್ಲಿನ ಸೆಂಟ್ರಿಫ್ಯೂಜ್ ಯಂತ್ರವನ್ನು ನೆನೆಸಿಕೊಳ್ಳಬೇಕೆಂದರೆ ಜಾತ್ರೆಯಲ್ಲಿ ಸುತ್ತುವ ಕುದುರೆಯನ್ನು ನೆನೆಸಿಕೊಳ್ಳಿ. ಉದ್ದನೆಯ ತೋಳಿನ ತುದಿಗೆ ಒಂದು ಗೂಡು, ಗೂಡಿನೊಳಗೆ ಪೈಲಟ್, ವೇಗ ಮಾತ್ರ ಜಾತ್ರೆಯದಲ್ಲ.

ಆಯ್ಕೆಯಾದ ನಾಲ್ವರು 2020ರ ಫೆಬ್ರುವರಿಯಲ್ಲಿ ಮಾಸ್ಕೋ ಬಳಿಯ ಗಗಾರಿನ್ ತರಬೇತಿ ಕೇಂದ್ರಕ್ಕೆ ಹೋದರು, 2021ರ ಮಾರ್ಚ್‌ನಲ್ಲಿ ಮುಗಿಸಿದರು. ನಡುವೆ ಕೊರೋನಾ ಬಂದು ತರಬೇತಿ ನಿಂತಿತ್ತು. ಹಿಮ ತುಂಬಿದ ಕಾಡಿನಲ್ಲಿ, ನೀರಿನ ಮೇಲೆ, ಬಯಲು ಹುಲ್ಲುಗಾವಲಿನಲ್ಲಿ ನೌಕೆ ಇಳಿದರೆ ರಕ್ಷಣಾ ತಂಡ ಬರುವವರೆಗೆ ಬದುಕಿರುವುದು ಹೇಗೆ ಎಂಬ ಅಭ್ಯಾಸ ಅಲ್ಲಿತ್ತು. ಬಿಲ್ಲಿನಂತೆ ಏರಿಳಿಯುವ ವಿಮಾನದಲ್ಲಿ ಕೆಲವು ಸೆಕೆಂಡುಗಳ ತೂಕವಿಲ್ಲದ ಸ್ಥಿತಿ, ರಷ್ಯನ್ ಭಾಷೆ ಎಲ್ಲವೂ ಇದ್ದವು. ಭಾಷೆ ಕಲಿಯುವ ಚುರುಕು ಗಗನಯಾತ್ರಿಗೆ ಬಹಳ ಮುಖ್ಯ. ಎಂಟನೇ ತರಗತಿಯಲ್ಲಿ ಇಂಗ್ಲಿಷ್‌ಗೆ ಅಂಜಬೇಡಿ ಅಂದದ್ದಕ್ಕೆ ಇದೂ ಒಂದು ಕಾರಣ.

ಮುಂದಿನ ತರಬೇತಿ ಬೆಂಗಳೂರಿನ ಇಸ್ರೊ ಗಗನಯಾತ್ರಿ ತರಬೇತಿ ಕೇಂದ್ರದಲ್ಲಿ, ಪಾಠ ಮತ್ತು ಸಿಮ್ಯುಲೇಟರ್‌ಗಳ ಜೊತೆಗೆ. ಮೂವರನ್ನು ಸುಮಾರು 400 ಕಿಲೋಮೀಟರ್ ಎತ್ತರಕ್ಕೆ ಮೂರು ದಿನ ಕಳಿಸಿ ಸಮುದ್ರದಲ್ಲಿ ಇಳಿಸುವುದು ಗಗನಯಾನದ ಗುರಿ. ಆ ನೌಕೆಯ ಒಳಾಂಗಣ, ಪರದೆಗಳ ಬಗ್ಗೆ ಈ ಪೈಲಟ್‌ಗಳ ಅಭಿಪ್ರಾಯಕ್ಕೆ ತೂಕವಿದೆ. ಟೆಸ್ಟ್ ಪೈಲಟ್‌ನ ಕಸುಬು ಇಲ್ಲೂ ಮುಂದುವರಿಯುತ್ತದೆ.

ಮೇಲೆ ಹೋದ ಮೇಲೆ, ಕೆಳಗೆ ಬಂದ ಮೇಲೆ

ಶುಕ್ಲಾ 2025ರಲ್ಲಿ ಹೋದದ್ದು ಗಗನಯಾನದಲ್ಲಲ್ಲ, ಅಮೆರಿಕದ ಖಾಸಗಿ ಕಂಪನಿಯ ಆಕ್ಸಿಯಮ್-4 ಯಾನದಲ್ಲಿ. ಅದರ ಉಡಾವಣೆ ಹಲವು ಬಾರಿ ಮುಂದೆ ಹೋಯಿತು. ಫಾಲ್ಕನ್ 9 ರಾಕೆಟ್‌ನಲ್ಲಿ ದ್ರವ ಆಮ್ಲಜನಕ ಸೋರುತ್ತಿದ್ದುದು ಒಂದು ಕಾರಣ, ನಿಲ್ದಾಣದ ರಷ್ಯನ್ ಭಾಗದಲ್ಲಿನ ದುರಸ್ತಿ ಇನ್ನೊಂದು. ಶುಕ್ಲಾ ಮತ್ತು ಸಂಗಡಿಗರು ಸುಮಾರು ಒಂದು ತಿಂಗಳು ಯಾರನ್ನೂ ಮುಟ್ಟದೆ ಪ್ರತ್ಯೇಕವಾಗಿ ಕಾದರು. ತಾಳ್ಮೆ ಕೂಡ ತರಬೇತಿಯ ಭಾಗ ಎಂದು ಬರೆದರೆ ಪುಸ್ತಕದ ಮಾತಿನಂತೆ ಕೇಳುತ್ತದೆ. ಒಂದು ತಿಂಗಳು ಪ್ರತಿ ಸಲ ಮೈಮನಸ್ಸು ಸಜ್ಜು ಮಾಡಿಕೊಂಡು ಮತ್ತೆ ಕೋಣೆಗೆ ಹಿಂತಿರುಗುವುದನ್ನು ಊಹಿಸಿಕೊಳ್ಳಿ.

ನಿಲ್ದಾಣದಲ್ಲಿ ಕಳೆದ 18 ದಿನಗಳಲ್ಲಿ ಅವರು ಮಾಡಿದ ಏಳು ಭಾರತೀಯ ಪ್ರಯೋಗಗಳಲ್ಲಿ ಒಂದು ಧಾರವಾಡದ್ದು. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರು ಹೆಸರುಕಾಳು, ಮೆಂತ್ಯದ ಬೀಜ ಕಳಿಸಿದ್ದರು. ತೂಕವಿಲ್ಲದ ಕಡೆ ಮೊಳಕೆ ಹೇಗೆ ಒಡೆಯುತ್ತದೆ ಎಂದು ನೋಡುವುದು ಉದ್ದೇಶ. ಯುದ್ಧವಿಮಾನದ ಪೈಲಟ್ ಒಬ್ಬರು ಪೆಟ್ರಿ ತಟ್ಟೆಯಲ್ಲಿನ ಮೊಳಕೆಯ ಫೋಟೊ ತೆಗೆದು ಫ್ರೀಜರಿನಲ್ಲಿಡುವ ಆ ಚಿತ್ರ ನನಗೆ ತುಂಬಾ ಇಷ್ಟ. ಕಕ್ಷೆಯಲ್ಲಿ ಗಗನಯಾತ್ರಿಯ ಬಹುಪಾಲು ಸಮಯ ಹೋಗುವುದು ಇಂಥ ಕೆಲಸದಲ್ಲೇ. ಜೀವಶಾಸ್ತ್ರದ ಕ್ಲಾಸಿಗೆ ಚಕ್ಕರ್ ಹೊಡೆಯುವ ಪಿಸಿಎಂಬಿ ಮಕ್ಕಳು ಗಮನಿಸಿ.

ವಾಪಸು ಬಂದ ಮೇಲೆ ದೇಹ ಮತ್ತೆ ಭೂಮಿಯನ್ನು ಕಲಿಯಬೇಕು. ಫೋನ್ ಹಿಡಿದರೆ ಭಾರವೆನಿಸಿತು, ಹಾಸಿಗೆಯ ಮೇಲಿದ್ದ ಲ್ಯಾಪ್‌ಟಾಪನ್ನು ತೇಲುತ್ತದೆಂದು ಪಕ್ಕಕ್ಕೆ ಬಿಟ್ಟಾಗ ಕೆಳಗೆ ಬಿತ್ತು ಎಂದು ಶುಕ್ಲಾ ಆಮೇಲೆ ಹೇಳಿಕೊಂಡರು.

ಅಮೆರಿಕದಲ್ಲಿರುವ ಕನ್ನಡದ ಮಕ್ಕಳಿಗೆ

ಅಲ್ಲಿಯ ಪೌರತ್ವ ಇದ್ದವರಿಗೆ ನಾಸಾ ಆಗಾಗ ಬಹಿರಂಗವಾಗಿ ಅರ್ಜಿ ಕರೆಯುತ್ತದೆ. ವಿಜ್ಞಾನ, ಎಂಜಿನಿಯರಿಂಗ್ ಅಥವಾ ಗಣಿತದಲ್ಲಿ ಸ್ನಾತಕೋತ್ತರ ಪದವಿ ಬೇಕು. ಮಾನ್ಯತೆ ಪಡೆದ ಟೆಸ್ಟ್ ಪೈಲಟ್ ಶಾಲೆ ಮುಗಿಸಿದ್ದರೂ ನಡೆಯುತ್ತದೆ. ಪೈಲಟ್‌ಗಳಾದರೆ 1000 ಗಂಟೆ ಮುಖ್ಯ ಪೈಲಟ್ ಆಗಿ ಹಾರಿರಬೇಕು. ಭಾರತೀಯ ಮೂಲದ ರಾಜಾ ಚಾರಿ ಅವರದ್ದು ಇದೇ ದಾರಿ: ಅಮೆರಿಕದ ವಾಯುಪಡೆ ಅಕಾಡೆಮಿ, ಎಂಐಟಿ, ಟೆಸ್ಟ್ ಪೈಲಟ್ ಶಾಲೆ, 2017ರಲ್ಲಿ ಆಯ್ಕೆ, 2021ರ ನವೆಂಬರ್‌ನಲ್ಲಿ ಕ್ರೂ-3ರ ಕಮಾಂಡರ್ ಆಗಿ ನಿಲ್ದಾಣಕ್ಕೆ ಪಯಣ.

ತರಬೇತಿ ಮುಗಿಸಿಯೂ ಹೋಗದವರು

1984ರಲ್ಲಿ ರಾಕೇಶ್ ಶರ್ಮಾ ಅವರಷ್ಟೇ ತರಬೇತಿ ಪಡೆದು, ಅವರಷ್ಟೇ ಸಿದ್ಧವಾಗಿದ್ದ ಇನ್ನೊಬ್ಬ ಪೈಲಟ್ ಇದ್ದರು: ರವೀಶ್ ಮಲ್ಹೋತ್ರಾ. ಶರ್ಮಾ ಹೋದರು, ಮಲ್ಹೋತ್ರಾ ಬದಲಿಯಾಗಿ ನೆಲದಲ್ಲೇ ಉಳಿದರು. 2025ರಲ್ಲಿ ಆ ಜಾಗದಲ್ಲಿ ಪ್ರಶಾಂತ್ ನಾಯರ್ ಇದ್ದರು. ಮಲ್ಹೋತ್ರಾ ಮುಂದೆ ಬೆಂಗಳೂರಿನ ಎಎಸ್‌ಟಿಇಯ ಮುಖ್ಯಸ್ಥರಾದರು, ನಿವೃತ್ತಿಯ ನಂತರ ವಿಮಾನದ ಭಾಗಗಳನ್ನು ತಯಾರಿಸುವ ಉದ್ಯಮದಲ್ಲಿ ತೊಡಗಿದರು. ಮೇಲೆ ಹೋಗಿಬಂದ ಶರ್ಮಾ ಅವರೂ ವಾಯುಪಡೆ ಬಿಟ್ಟಮೇಲೆ ಸೇರಿದ್ದು ಎಚ್‌ಎಎಲ್‌ಗೆ, ಟೆಸ್ಟ್ ಪೈಲಟ್ ಆಗಿಯೇ.

ಅಂದು ಪ್ರಶ್ನೆ ಕೇಳಿದ ಹುಡುಗಿಗೆ ಇವರಿಬ್ಬರ ಕತೆ ಹೇಳಿದ್ದೆ. ಅವಳು ಏನೂ ಮಾತಾಡದೆ ಕೂತಳು. ಸೋಮವಾರ ಬೆಳಗ್ಗೆ ನೋಟ್‌ಬುಕ್ಕಿನ ಕೊನೆಯ ಹಾಳೆ ತಂದು ತೋರಿಸಿದಳು. ಅವ್ವನ ಹೊಲಿಗೆ ಟೇಪಿನಲ್ಲಿ ಅಳೆದದ್ದು: ಎತ್ತರ 164, ಕೂತ ಎತ್ತರ 84, ಕಾಲು 101, ತೊಡೆ 58. ಕಾಲಿನ ಅಳತೆಯನ್ನು ಮೂರು ಸಲ ತೆಗೆದು ಮೂರನ್ನೂ ಬರೆದಿದ್ದಳು, 101, 100.5, 101. “ಬಣ್ಣದ ಪರೀಕ್ಷೆಗೆ ಬರೋ ಶನಿವಾರ ಹೋಗ್ತೀನ್ರಿ ಸರ್” ಅಂದಳು.